ಕೆನಡಾದ ಮೂಲನಿವಾಸಿ ಕುಟುಂಬಗಳ ಮತ್ತು ಯುವಜನರ ಕ್ಷೇಮಕ್ಕಾಗಿ ದುಡಿಯುವ ವೃತ್ತಿ: ಹೊಸಬರಿಗೆ ಮಾರ್ಗದರ್ಶಿ

ಕೆನಡಾದಲ್ಲಿ ನೆಲೆಸಿರುವ ಅಥವಾ ಓದಲು ಹೋಗಿರುವ ಕನ್ನಡಿಗರಲ್ಲಿ ಸಮಾಜಕಾರ್ಯ, ಶುಶ್ರೂಷೆ, ಆಪ್ತಸಮಾಲೋಚನೆ, ಮಕ್ಕಳ ಆರೈಕೆ ಮುಂತಾದ ಕ್ಷೇತ್ರಗಳನ್ನು ಆರಿಸಿಕೊಂಡವರಿಗೆ ಅಲ್ಲಿನ ಮೂಲನಿವಾಸಿ ಸಮುದಾಯಗಳ ಸಂಸ್ಥೆಗಳಲ್ಲಿ ದುಡಿಯುವ ಅವಕಾಶ ಒಂದಲ್ಲ ಒಂದು ದಿನ ಎದುರಾಗಬಹುದು. ಹುದ್ದೆಯನ್ನು ಒಂದು ಕಡೆ ಕುಟುಂಬ ಕ್ಷೇಮ ಕಾರ್ಯಕರ್ತ ಎನ್ನುತ್ತಾರೆ, ಇನ್ನೊಂದು ಕಡೆ ಯುವಜನ ಕಾರ್ಯಕರ್ತ ಎನ್ನುತ್ತಾರೆ. ಹೆಸರು ಏನೇ ಇರಲಿ, ಕುಟುಂಬ ಒಡೆಯದಂತೆ ಅದರ ಬೆನ್ನಿಗೆ ನಿಲ್ಲುವುದು ಮತ್ತು ಮಗು ತನ್ನವರ ನಡುವೆಯೇ ಬೆಳೆಯುವಂತೆ ನೋಡಿಕೊಳ್ಳುವುದು ಈ ಕೆಲಸದ ತಿರುಳು. ಇದಕ್ಕೆ ಹೇಗೆ ಸಿದ್ಧರಾಗಬೇಕು, ಏನು ಓದಬೇಕು, ಸೇರಿದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಮುಂದೆ ವಿವರಿಸಿದ್ದೇನೆ. ಹೊರಗಿನಿಂದ ಬಂದವರು ಇಲ್ಲಿ ಸಹಾಯಕರು, ದಾರಿ ತೋರಿಸುವವರು ಆ ಸಮುದಾಯದ ಹಿರಿಯರು. ಇಲ್ಲಿನ ಪ್ರತಿಯೊಂದು ಸಲಹೆಯೂ ಈ ತಿಳಿವಳಿಕೆಯಿಂದಲೇ ಹೊರಟಿದೆ.

ಅರ್ಜಿಗೂ ಮೊದಲು ಚರಿತ್ರೆ

ಅರ್ಜಿ ಹಾಕುವ ಮೊದಲು ಚರಿತ್ರೆಯನ್ನು ಓದಿಕೊಳ್ಳಿ. ನೀವು ಬಾಗಿಲು ತಟ್ಟಿದಾಗ ಒಳಗಿರುವ ಅಜ್ಜಿ ಕಿಟಕಿಯ ಪರದೆ ಎಳೆದುಕೊಂಡರೆ ಅದು ಏಕೆ ಎಂಬುದು ಚರಿತ್ರೆ ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುತ್ತದೆ.

ಕೆನಡಾದ 1982ರ ಸಂವಿಧಾನ ಕಾಯಿದೆಯ 35ನೆಯ ವಿಧಿಯು ಮೂರು ಮೂಲನಿವಾಸಿ ಜನಾಂಗಗಳನ್ನು ಗುರುತಿಸುತ್ತದೆ: ಫಸ್ಟ್ ನೇಷನ್ಸ್, ಉತ್ತರದ ಹಿಮಪ್ರದೇಶದ ಇನುಯಿಟ್ ಮತ್ತು ಮಿಶ್ರ ಮೂಲದ ಮೇಟೀ. 2021ರ ಜನಗಣತಿಯ ಪ್ರಕಾರ ಇವರ ಒಟ್ಟು ಸಂಖ್ಯೆ ಸುಮಾರು 18 ಲಕ್ಷ, ಅಂದರೆ ದೇಶದ ಜನಸಂಖ್ಯೆಯ ಶೇ. 5. ಇವರಲ್ಲಿ ಚಿಕ್ಕ ವಯಸ್ಸಿನವರು ಹೆಚ್ಚು. ಮೂಲನಿವಾಸಿಗಳ ಸರಾಸರಿ ವಯಸ್ಸು 33.6 ವರ್ಷವಾದರೆ ಉಳಿದವರದು 41.8 ವರ್ಷ. ಇದೇ ಜನಗಣತಿಯಲ್ಲಿ ಎದೆ ಹಿಂಡುವ ಇನ್ನೊಂದು ಲೆಕ್ಕವಿದೆ. 15 ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇ. 7.7 ಮಾತ್ರ, ಆದರೆ ಹೆತ್ತವರಿಂದ ದೂರವಾಗಿ ಸಾಕು ಮನೆಗಳಲ್ಲಿ ಬೆಳೆಯುತ್ತಿರುವ ಅದೇ ವಯಸ್ಸಿನ ಮಕ್ಕಳಲ್ಲಿ ಅವರ ಪಾಲು ಶೇ. 53.8. ಈ ವೃತ್ತಿ ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

ಈ ಸ್ಥಿತಿ ತಾನಾಗಿ ಬಂದದ್ದಲ್ಲ. 19ನೆಯ ಶತಮಾನದಿಂದ 1990ರ ದಶಕದವರೆಗೆ ಸರ್ಕಾರದ ಹಣದಲ್ಲಿ, ಹೆಚ್ಚಾಗಿ ಚರ್ಚುಗಳ ಆಡಳಿತದಲ್ಲಿ ನಡೆದ ವಸತಿ ಶಾಲೆಗಳಿಗೆ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಸೇರಿಸಲಾಯಿತು. ಮನೆಮಾತು ಆಡಿದರೆ ಶಿಕ್ಷೆ, ಅಣ್ಣ ತಂಗಿಯರು ಮಾತಾಡಿಕೊಳ್ಳುವುದಕ್ಕೂ ತಡೆ, ಹಸಿವು, ಕಾಯಿಲೆ, ದೈಹಿಕ ಮತ್ತು ಲೈಂಗಿಕ ದೌರ್ಜನ್ಯಗಳ ನಡುವೆ ಬೆಳೆದ ಆ ಮಕ್ಕಳಲ್ಲಿ ಸಾವಿರಾರು ಮಂದಿ ಮನೆಗೆ ಮರಳಲೇ ಇಲ್ಲ. ಮರಳಿದವರಿಗೆ ತಾಯಿತಂದೆಯರು ಮಕ್ಕಳನ್ನು ಹೇಗೆ ಸಾಕುತ್ತಾರೆ ಎಂಬುದನ್ನು ನೋಡಿ ಕಲಿಯುವ ಅವಕಾಶವೇ ಸಿಕ್ಕಿರಲಿಲ್ಲ. ಇದರ ಬೆನ್ನಿಗೇ 1950ರ ದಶಕದ ಕೊನೆಯಿಂದ 1980ರ ದಶಕದವರೆಗೆ ಸಾವಿರಾರು ಮಕ್ಕಳನ್ನು ಸಮಾಜ ಕಾರ್ಯಕರ್ತರೇ ಮನೆಗಳಿಂದ ಎತ್ತಿಕೊಂಡು ಹೋಗಿ ಮೂಲನಿವಾಸಿಗಳಲ್ಲದ ಕುಟುಂಬಗಳಿಗೆ ದತ್ತು ಕೊಟ್ಟರು. ಇದನ್ನು ಅಲ್ಲಿ ಸಿಕ್ಸ್ಟೀಸ್ ಸ್ಕೂಪ್ ಎಂದು ಕರೆಯುತ್ತಾರೆ. ಹೆರಿಗೆಗೆ ಮೊದಲೇ ಆಸ್ಪತ್ರೆಗೆ ಸೂಚನೆ ಕಳುಹಿಸಿ, ಹುಟ್ಟಿದ ಕೂಸನ್ನು ತಾಯಿಯಿಂದ ಬೇರ್ಪಡಿಸಲು ದಾರಿ ಮಾಡುತ್ತಿದ್ದ ಬರ್ತ್ ಅಲರ್ಟ್ ಪದ್ಧತಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ನಿಂತದ್ದು 2019ರಲ್ಲಿ. ಆದ್ದರಿಂದ ಸಮಾಜ ಕಾರ್ಯಕರ್ತ ಎಂಬ ಗುರುತಿನ ಚೀಟಿಗೆ ಅನೇಕ ಮನೆಗಳಲ್ಲಿ ಭಯವೇ ಮೊದಲ ಉತ್ತರ. ಅದನ್ನು ವೈಯಕ್ತಿಕ ಅವಮಾನವೆಂದು ತೆಗೆದುಕೊಳ್ಳುವವರು ಈ ಕೆಲಸಕ್ಕೆ ಹೋಗಬಾರದು.

ವಸತಿ ಶಾಲೆಗಳ ಸತ್ಯವನ್ನು ದಾಖಲಿಸಲು ನೇಮಕವಾದ ಸತ್ಯ ಮತ್ತು ಸಾಮರಸ್ಯ ಆಯೋಗವು 2015ರಲ್ಲಿ ಮುಂದಿಟ್ಟ 94 ಕರೆಗಳನ್ನು ಪೂರ್ತಿಯಾಗಿ ಓದಿ. ಅವುಗಳಲ್ಲಿ ಮೊದಲ ಐದೂ ಮಕ್ಕಳ ಕಲ್ಯಾಣ ವ್ಯವಸ್ಥೆಗೆ ಸಂಬಂಧಿಸಿದವು. ಆಲ್ಬರ್ಟಾ ವಿಶ್ವವಿದ್ಯಾಲಯವು ಅಂತರ್ಜಾಲದಲ್ಲಿ ನಡೆಸುವ ಇಂಡಿಜಿನಸ್ ಕೆನಡಾ ಎಂಬ 12 ಪಾಠಗಳ ಕೋರ್ಸನ್ನು ಉಚಿತವಾಗಿ ಕಲಿಯಬಹುದು, ಆರಂಭಕ್ಕೆ ಅದು ಒಳ್ಳೆಯದು. ಅದಾದ ಮೇಲೆ ನೀವು ಹೋಗಬೇಕೆಂದಿರುವ ಪ್ರದೇಶದ ಚರಿತ್ರೆಯನ್ನು ಹುಡುಕಿ ಓದಿ. ಅಲ್ಲಿ ಯಾವ ಒಪ್ಪಂದ ಜಾರಿಯಲ್ಲಿದೆ, ಯಾವ ವಸತಿ ಶಾಲೆ ಹತ್ತಿರದಲ್ಲಿತ್ತು, ಜನರು ಯಾವ ನುಡಿ ಆಡುತ್ತಾರೆ ಎಂಬಷ್ಟಾದರೂ ಗೊತ್ತಿರಬೇಕು. 1871ರಿಂದ 1921ರವರೆಗೆ ಫಸ್ಟ್ ನೇಷನ್ಸ್ ಮತ್ತು ಸರ್ಕಾರದ ನಡುವೆ ಆದ ಹನ್ನೊಂದು ಸಂಖ್ಯಾ ಒಪ್ಪಂದಗಳು ಆ ದೇಶದ ವಿಶಾಲ ಭಾಗವನ್ನು ಆವರಿಸಿವೆ. ಅಲ್ಲಿ ಮನೆ ಮಾಡಿದ ನಾವೂ ಆ ಒಪ್ಪಂದಗಳ ಹೊಣೆಯಲ್ಲಿ ಪಾಲುದಾರರು ಎಂದು ನಾನು ನಂಬುತ್ತೇನೆ.

ತಿಳಿದಿರಲೇಬೇಕಾದ ಕಾನೂನು

ಮೊದಲನೆಯದು ಒಂದು ತೀರ್ಪು. ಮೂಲನಿವಾಸಿ ಮೀಸಲು ಪ್ರದೇಶಗಳಲ್ಲಿನ ಮಕ್ಕಳ ಸೇವೆಗಳಿಗೆ ಕೇಂದ್ರ ಸರ್ಕಾರ ಕಡಿಮೆ ಹಣ ಕೊಡುತ್ತಿರುವುದು ತಾರತಮ್ಯವೆಂದು ಗಿಟ್‌ಕ್ಸನ್ ಜನಾಂಗದ ಸಿಂಡಿ ಬ್ಲಾಕ್‌ಸ್ಟಾಕ್ ಅವರ ನೇತೃತ್ವದ ಫಸ್ಟ್ ನೇಷನ್ಸ್ ಚೈಲ್ಡ್ ಅಂಡ್ ಫ್ಯಾಮಿಲಿ ಕೇರಿಂಗ್ ಸೊಸೈಟಿಯು ಅಸೆಂಬ್ಲಿ ಆಫ್ ಫಸ್ಟ್ ನೇಷನ್ಸ್ ಜೊತೆಗೂಡಿ 2007ರಲ್ಲಿ ದೂರು ಕೊಟ್ಟಿತು. ಕೆನಡಾದ ಮಾನವ ಹಕ್ಕುಗಳ ನ್ಯಾಯಮಂಡಳಿಯು 2016ರ ಜನವರಿಯಲ್ಲಿ ಆ ದೂರನ್ನು ಎತ್ತಿಹಿಡಿಯಿತು. ಇಂದು ಕುಟುಂಬವನ್ನು ಒಟ್ಟಿಗೆ ಇರಿಸುವ ಮುಂಜಾಗ್ರತೆಯ ಕೆಲಸಕ್ಕೆ ಸಿಗುತ್ತಿರುವ ಹಣದ ಹಿಂದೆ ಈ ತೀರ್ಪು ಇದೆ.

ಎರಡನೆಯದು, 2020ರ ಜನವರಿ 1ರಂದು ಜಾರಿಗೆ ಬಂದ ಫಸ್ಟ್ ನೇಷನ್ಸ್, ಇನುಯಿಟ್ ಮತ್ತು ಮೇಟೀ ಮಕ್ಕಳು, ಯುವಜನರು ಹಾಗೂ ಕುಟುಂಬಗಳ ಕುರಿತ ಕೇಂದ್ರ ಕಾಯಿದೆ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದರ ಸಿಂಧುತ್ವವನ್ನು ಎತ್ತಿಹಿಡಿದಿದೆ. ಇದರ ಮೂರು ಅಂಶಗಳು ದಿನನಿತ್ಯದ ಕೆಲಸದಲ್ಲಿ ಬೇಕಾಗುತ್ತವೆ. ಬಡತನ, ಇಕ್ಕಟ್ಟಾದ ಮನೆ ಇಂಥ ಸಾಮಾಜಿಕ ಮತ್ತು ಆರ್ಥಿಕ ಕಾರಣಗಳಿಗಾಗಿ ಮಾತ್ರವೇ ಮಗುವನ್ನು ಮನೆಯಿಂದ ತೆಗೆಯುವಂತಿಲ್ಲ. ತೆಗೆಯಲೇಬೇಕಾದ ಸಂದರ್ಭದಲ್ಲಿ ಮೊದಲು ಹೆತ್ತವರಲ್ಲೊಬ್ಬರು, ಆಮೇಲೆ ಕುಟುಂಬದ ಇನ್ನೊಬ್ಬ ಹಿರಿಯರು, ಆಮೇಲೆ ಅದೇ ಸಮುದಾಯದವರು, ಅನಂತರ ಬೇರೆ ಮೂಲನಿವಾಸಿ ಕುಟುಂಬ, ಎಲ್ಲಕ್ಕೂ ಕೊನೆಗೆ ಇತರರು ಎಂಬ ಆದ್ಯತೆಯ ಕ್ರಮವನ್ನು ಅನುಸರಿಸಬೇಕು. ಜೊತೆಗೆ ಸಮುದಾಯಗಳು ತಮ್ಮದೇ ಮಕ್ಕಳ ಕಲ್ಯಾಣ ಕಾನೂನನ್ನು ರಚಿಸಿಕೊಳ್ಳಬಹುದು. ಸಸ್ಕಾಚೆವನ್ ಪ್ರಾಂತ್ಯದ ಕೌಎಸಸ್ ಫಸ್ಟ್ ನೇಷನ್ ಈ ಹಾದಿಯಲ್ಲಿ ಮೊದಲು ಹೆಜ್ಜೆಯಿಟ್ಟವುಗಳಲ್ಲಿ ಒಂದು. ನೀವು ಸೇರುವ ಊರಿನಲ್ಲಿ ಪ್ರಾಂತ್ಯದ ಕಾನೂನು ನಡೆಯುತ್ತದೆಯೋ ಸಮುದಾಯದ ಕಾನೂನು ನಡೆಯುತ್ತದೆಯೋ ಎಂದು ಮೊದಲ ವಾರದಲ್ಲೇ ವಿಚಾರಿಸಿಕೊಳ್ಳಿ.

ಮೂರನೆಯದು ಜೋರ್ಡನ್ಸ್ ಪ್ರಿನ್ಸಿಪಲ್. ಮ್ಯಾನಿಟೋಬಾದ ನಾರ್ವೆ ಹೌಸ್ ಕ್ರೀ ನೇಷನ್‌ನ ಜೋರ್ಡನ್ ರಿವರ್ ಆಂಡರ್ಸನ್ ಎಂಬ ಮಗುವನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ಖರ್ಚನ್ನು ಯಾರು ಕೊಡಬೇಕೆಂದು ಕೇಂದ್ರ ಮತ್ತು ಪ್ರಾಂತ್ಯ ಸರ್ಕಾರಗಳು ಜಗಳವಾಡುತ್ತಿದ್ದಾಗಲೇ ಆ ಮಗು 2005ರಲ್ಲಿ ಐದನೆಯ ವಯಸ್ಸಿಗೆ ಆಸ್ಪತ್ರೆಯಲ್ಲೇ ತೀರಿಕೊಂಡಿತು. ಒಂದು ದಿನವೂ ಅದು ತನ್ನ ಕುಟುಂಬದ ಮನೆಯಲ್ಲಿ ಇರಲಿಲ್ಲ. ಫಸ್ಟ್ ನೇಷನ್ಸ್ ಮಗುವಿಗೆ ಬೇಕಾದ ಸೇವೆಯನ್ನು ಮೊದಲು ಕೊಡಬೇಕು, ಖರ್ಚಿನ ಲೆಕ್ಕವನ್ನು ಸರ್ಕಾರಗಳು ಆಮೇಲೆ ಬಗೆಹರಿಸಿಕೊಳ್ಳಬೇಕು ಎಂಬ ತತ್ವಕ್ಕೆ ಅದರ ಹೆಸರನ್ನೇ ಇಡಲಾಗಿದೆ. ಮಾತಿನ ಚಿಕಿತ್ಸೆ, ಕಲಿಕೆಯ ತಪಾಸಣೆ, ಗಾಲಿಕುರ್ಚಿ, ಮನೆಗೆ ಬಂದು ನೋಡಿಕೊಳ್ಳುವವರ ನೆರವು ಇವೆಲ್ಲಕ್ಕೂ ಈ ಮೂಲಕ ಅರ್ಜಿ ಸಲ್ಲಿಸಬಹುದು. ಅರ್ಜಿ ತುಂಬುವುದರಲ್ಲಿ ಪಳಗಿದ ಕಾರ್ಯಕರ್ತರು ಒಂದು ಊರಿಗೆ ಮಾಡುವ ಉಪಕಾರ ದೊಡ್ಡದು. ಮಗುವಿನ ಅಗತ್ಯವೇನು, ಕೇಳುತ್ತಿರುವ ಸೇವೆಯಿಂದ ಆ ಅಗತ್ಯ ಹೇಗೆ ಪೂರೈಸುತ್ತದೆ ಎಂಬ ಎರಡು ಸಂಗತಿಗಳನ್ನು ಬೆಸೆದು ತೋರಿಸುವ ವೃತ್ತಿಪರರ ಪತ್ರವೇ ಅರ್ಜಿಯ ಜೀವ. ನಿಯಮಗಳು ಆಗಾಗ ಬದಲಾಗುವುದರಿಂದ ಸ್ಥಳೀಯ ಸಂಯೋಜಕರನ್ನು ಕೇಳಿಯೇ ಮುಂದುವರಿಯಿರಿ. ಇನುಯಿಟ್ ಮಕ್ಕಳಿಗೆ ಇಂಥದೇ ಬೇರೊಂದು ಯೋಜನೆಯಿದೆ. ನೋಂದಾಯಿತ ಫಸ್ಟ್ ನೇಷನ್ಸ್ ಜನರಿಗೆ ಮತ್ತು ಇನುಯಿಟರಿಗೆ ಆಪ್ತಸಮಾಲೋಚನೆಯ ಖರ್ಚನ್ನು ಭರಿಸುವ ನಾನ್ ಇನ್ಶೂರ್ಡ್ ಹೆಲ್ತ್ ಬೆನಿಫಿಟ್ಸ್ ಯೋಜನೆ ಮೇಟೀ ಜನರಿಗೆ ಅನ್ವಯಿಸುವುದಿಲ್ಲ. ಯಾರಿಗೆ ಯಾವ ಬಾಗಿಲು ತೆರೆದಿದೆ ಎಂಬುದು ಗೊತ್ತಿಲ್ಲದೆ ಭರವಸೆ ಕೊಟ್ಟರೆ, ಈಗಾಗಲೇ ನೂರು ಭರವಸೆಗಳು ಮುರಿದದ್ದನ್ನು ಕಂಡ ಮನೆಯಲ್ಲಿ ನಿಮ್ಮದೂ ಒಂದಾಗುತ್ತದೆ.

ಓದು, ನೋಂದಣಿ ಮತ್ತು ಹುದ್ದೆಯ ಆಯ್ಕೆ

ಈ ಕ್ಷೇತ್ರಕ್ಕೆ ಹಲವು ಮೆಟ್ಟಿಲುಗಳಿವೆ. ಎರಡು ಅಥವಾ ಮೂರು ವರ್ಷಗಳ ಡಿಪ್ಲೊಮಾ ಮಾಡಿದವರು ಸಮಾಜಸೇವಾ ಕಾರ್ಯಕರ್ತರಾಗಿ ಅಥವಾ ಮಕ್ಕಳ ಮತ್ತು ಯುವಜನರ ಆರೈಕೆಯ ಕಾರ್ಯಕರ್ತರಾಗಿ ಸೇರಬಹುದು. ಸಮಾಜಕಾರ್ಯದ ಪದವಿಗೆ ಸಾಮಾನ್ಯವಾಗಿ ನಾಲ್ಕು ವರ್ಷ ಬೇಕು. ಚಿಕಿತ್ಸಕ ಹುದ್ದೆಗಳಿಗೆ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಸಮಾಜ ಕಾರ್ಯಕರ್ತ ಎಂಬ ಪದನಾಮಕ್ಕೆ ಕಾನೂನಿನ ರಕ್ಷಣೆ ಇರುವುದರಿಂದ ಪ್ರಾಂತ್ಯದ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳದೆ ಅದನ್ನು ಸಾಮಾನ್ಯವಾಗಿ ಬಳಸುವಂತಿಲ್ಲ. ಭಾರತದಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿ ಹೋದವರು ತಮ್ಮ ಪದವಿಯ ಮೌಲ್ಯಮಾಪನಕ್ಕೆ ಕೆನಡಿಯನ್ ಅಸೋಸಿಯೇಷನ್ ಆಫ್ ಸೋಷಿಯಲ್ ವರ್ಕರ್ಸ್ ಸಂಸ್ಥೆಗೆ ಅರ್ಜಿ ಹಾಕಬಹುದು. ಕ್ಷೇತ್ರಕಾರ್ಯದ ಗಂಟೆಗಳ ದಾಖಲೆ ಮತ್ತು ಪಠ್ಯಕ್ರಮದ ಪ್ರತಿಯನ್ನು ಊರು ಬಿಡುವ ಮೊದಲೇ ಕಾಲೇಜಿನಿಂದ ಪಡೆದಿಟ್ಟುಕೊಳ್ಳಿ, ದೂರದಿಂದ ತರಿಸಿಕೊಳ್ಳುವಾಗ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಇನ್ನೂ ಓದಬೇಕಾಗಿರುವವರಿಗೆ ನನ್ನ ಸಲಹೆ, ಸಾಧ್ಯವಾದರೆ ಮೂಲನಿವಾಸಿಗಳೇ ರೂಪಿಸಿದ ಪಠ್ಯಕ್ರಮವನ್ನು ಆರಿಸಿಕೊಳ್ಳಿ. ರೆಜೈನಾದಲ್ಲಿರುವ ಫಸ್ಟ್ ನೇಷನ್ಸ್ ಯೂನಿವರ್ಸಿಟಿ ಆಫ್ ಕೆನಡಾದಲ್ಲಿ ಮೂಲನಿವಾಸಿ ಸಮಾಜಕಾರ್ಯದ ಪದವಿ ಇದೆ. ವಿಲ್ಫ್ರಿಡ್ ಲೋರಿಯೇ ವಿಶ್ವವಿದ್ಯಾಲಯದ ಸಮಾಜಕಾರ್ಯ ಸ್ನಾತಕೋತ್ತರದಲ್ಲಿ ಮೂಲನಿವಾಸಿ ಅಧ್ಯಯನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಬ್ರಿಟಿಷ್ ಕೊಲಂಬಿಯಾದ ಮೆರಿಟ್‌ನಲ್ಲಿರುವ ನಿಕೋಲಾ ವ್ಯಾಲಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯೂ ಮೂಲನಿವಾಸಿಗಳೇ ನಡೆಸುವ ಸಂಸ್ಥೆ. ಇಂಥಲ್ಲಿ ಹಿರಿಯರು ತರಗತಿಯ ಗುರುಗಳೇ ಆಗಿರುತ್ತಾರೆ. ಇನ್ನು ಕೆಲವು ಸೀಟುಗಳನ್ನು ಮೂಲನಿವಾಸಿ ವಿದ್ಯಾರ್ಥಿಗಳಿಗೇ ಕಾಯ್ದಿರಿಸಿರುತ್ತಾರೆ. ಅವು ಅವರಿಗೇ ಸೇರಬೇಕು.

ಪದವಿಯ ಜೊತೆಗೆ ಕೆಲವು ಕಿರು ತರಬೇತಿಗಳು ಬೇಕು. ಲಿವಿಂಗ್‌ವರ್ಕ್ಸ್ ಸಂಸ್ಥೆಯ ಅಸಿಸ್ಟ್ ಎಂಬ ಎರಡು ದಿನಗಳ ಆತ್ಮಹತ್ಯೆ ತಡೆ ತರಬೇತಿ, ಫಸ್ಟ್ ನೇಷನ್ಸ್ ಜನರಿಗೆಂದೇ ರೂಪಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ತರಬೇತಿ, ಸಾಮಾನ್ಯ ಪ್ರಥಮ ಚಿಕಿತ್ಸೆ, ಇವು ಕೈಯಲ್ಲಿದ್ದರೆ ಅನುಕೂಲ. ಮಕ್ಕಳೊಡನೆ ಕೆಲಸ ಮಾಡುವವರಿಗೆ ವಲ್ನರಬಲ್ ಸೆಕ್ಟರ್ ಚೆಕ್ ಎಂಬ ಪೊಲೀಸ್ ಪರಿಶೀಲನೆ ಇರುತ್ತದೆ, ಬೆರಳಚ್ಚು ಕೇಳಿದರೆ ಅದಕ್ಕೆ ಇನ್ನಷ್ಟು ದಿನ ಹಿಡಿಯುತ್ತದೆ. ಚಾಲನಾ ಪರವಾನಗಿ ಇಲ್ಲದೆ ಅನೇಕ ಹುದ್ದೆಗಳು ಸಿಗುವುದಿಲ್ಲ.

ಎಲ್ಲಿ ಸೇರಬೇಕು? ನಗರಗಳಲ್ಲಿ ಮೂಲನಿವಾಸಿಗಳಿಗೆ ನೆರವು ನೀಡುವ ಫ್ರೆಂಡ್‌ಶಿಪ್ ಸೆಂಟರ್‌ಗಳು ದೇಶದಾದ್ಯಂತ ನೂರಕ್ಕೂ ಹೆಚ್ಚಿವೆ. ಹೊಸಬರು ಅಲ್ಲಿ ಸ್ವಯಂಸೇವಕರಾಗಿ ಆರಂಭಿಸುವುದು ಒಳ್ಳೆಯ ದಾರಿ. ಮೂಲನಿವಾಸಿ ಮಕ್ಕಳ ಮತ್ತು ಕುಟುಂಬಗಳ ಸೇವಾ ಸಂಸ್ಥೆಗಳು, ಮೀಸಲು ಪ್ರದೇಶಗಳ ಆರೋಗ್ಯ ಕೇಂದ್ರಗಳು, ಶಾಲೆಗಳು, ವ್ಯಸನಮುಕ್ತಿ ಕೇಂದ್ರಗಳು, ಬ್ರಿಟಿಷ್ ಕೊಲಂಬಿಯಾದಲ್ಲಿ 2013ರಿಂದ ಆರೋಗ್ಯ ಸೇವೆಯ ಹೊಣೆ ಹೊತ್ತಿರುವ ಫಸ್ಟ್ ನೇಷನ್ಸ್ ಹೆಲ್ತ್ ಅಥಾರಿಟಿ, ಹೀಗೆ ಆಯ್ಕೆಗಳು ಹಲವು. ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಬೇಕು. ಆಡಳಿತ ಮಂಡಳಿಯಲ್ಲಿ ಸಮುದಾಯದವರು ಎಷ್ಟು ಮಂದಿ ಇದ್ದಾರೆ, ಹಿರಿಯರ ಮಾರ್ಗದರ್ಶನ ಸಿಬ್ಬಂದಿಗೂ ಸಿಗುತ್ತದೆಯೇ, ಒಬ್ಬರಿಗೆ ಎಷ್ಟು ಕುಟುಂಬಗಳ ಹೊಣೆ, ನನಗಿಂತ ಮೊದಲು ಈ ಹುದ್ದೆಯಲ್ಲಿದ್ದವರು ಎಷ್ಟು ಕಾಲ ಇದ್ದರು, ಏಕೆ ಹೋದರು? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಸಂಸ್ಥೆಯ ಸ್ವಭಾವ ಚೆನ್ನಾಗಿ ತಿಳಿಯುತ್ತದೆ. ಕನಿಷ್ಠ ಎರಡು ವರ್ಷ ಇರಲಾರೆನೆಂದು ಮೊದಲೇ ಗೊತ್ತಿದ್ದವರು ದೂರದ ಹಳ್ಳಿಯ ಹುದ್ದೆಯನ್ನು ಒಪ್ಪಿಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಬಂದು ಹೋಗುವ ಕಾರ್ಯಕರ್ತರ ಮುಂದೆ ತಮ್ಮ ಕಥೆಯನ್ನು ಮತ್ತೆ ಮತ್ತೆ ಮೊದಲಿನಿಂದ ಹೇಳಿ ದಣಿದ ತಾಯಂದಿರಿಗೆ ಇನ್ನೊಬ್ಬ ಅಲ್ಪಕಾಲದ ಅತಿಥಿ ಬೇಡ.

ಮೊದಲ ತಿಂಗಳುಗಳ ನಡವಳಿಕೆ

ಸೇರಿದ ಕೂಡಲೇ ಕಾರ್ಯಕ್ರಮ ಹಾಕಿಕೊಳ್ಳಲು ಹೋಗಬೇಡಿ. ಸಮುದಾಯದ ಊಟಕ್ಕೆ ಕರೆದರೆ ಹೋಗಿ, ಕುರ್ಚಿ ಜೋಡಿಸಿ, ಪಾತ್ರೆ ತೊಳೆಯಿರಿ, ಹಿರಿಯರಿಗೆ ಮೊದಲು ಬಡಿಸಿ. ಯಾರು ಯಾರ ನೆಂಟರು ಎಂಬುದನ್ನು ಕಿವಿಗೊಟ್ಟು ತಿಳಿದುಕೊಳ್ಳಿ. ನೀವು ಎಲ್ಲಿಯವರು, ನಿಮ್ಮ ಅಪ್ಪ ಅಮ್ಮ ಯಾರು ಎಂದು ಅವರು ಕೇಳುತ್ತಾರೆ, ಓದಿದ ಪದವಿಯನ್ನು ಹೇಳುವ ಮೊದಲು ಈ ಪ್ರಶ್ನೆಗಳಿಗೆ ಮನಸ್ಸು ಬಿಚ್ಚಿ ಉತ್ತರಿಸಿ. ಅಜ್ಜಿಯ ಮಡಿಲಲ್ಲಿ ಬೆಳೆದ, ಚಿಕ್ಕಪ್ಪ ದೊಡ್ಡಮ್ಮಂದಿರ ನಡುವೆ ಓಡಾಡಿದ ಕನ್ನಡಿಗರಿಗೆ ಈ ಮಾತುಕತೆ ಹೊಸದೆನಿಸುವುದಿಲ್ಲ, ಅದು ನಮಗೆ ಸಹಾಯವೇ. ಆದರೆ ನಾವೂ ಬ್ರಿಟಿಷರ ಕೈಕೆಳಗೆ ಇದ್ದವರು, ನಿಮ್ಮ ನೋವು ನಮಗೆ ಗೊತ್ತು ಎಂದು ಮಾತು ಆರಂಭಿಸುವುದು ಸರಿಯಲ್ಲ. ಅವರ ನೋವು ಅವರದೇ. ಹೋಲಿಕೆಯನ್ನು ಅವರೇ ಎತ್ತಿದಾಗ ಮಾತಾಡಿದರೆ ಸಾಕು.

ಸಂಪ್ರದಾಯಗಳ ವಿಷಯದಲ್ಲಿ ಸಾಮಾನ್ಯೀಕರಣ ಬೇಡ. ಕ್ರೀ, ಅನಿಶಿನಾಬೆ ಮುಂತಾದ ಅನೇಕ ಜನಾಂಗಗಳಲ್ಲಿ ಹಿರಿಯರ ಬಳಿ ಸಲಹೆ ಕೇಳುವಾಗ ಹೊಗೆಸೊಪ್ಪನ್ನು ಗೌರವದಿಂದ ಅರ್ಪಿಸುವ ಪದ್ಧತಿಯಿದೆ. ಇನುಯಿಟರಲ್ಲಿ ಈ ಸಂಪ್ರದಾಯವಿಲ್ಲ. ಅವರ ಸಭೆಗಳು ಕುಲ್ಲಿಕ್ ಎಂಬ ಎಣ್ಣೆದೀಪ ಹಚ್ಚುವುದರೊಂದಿಗೆ ಆರಂಭವಾಗಬಹುದು. ಎಷ್ಟೋ ಕುಟುಂಬಗಳು ನಿಷ್ಠಾವಂತ ಕ್ರೈಸ್ತರಾಗಿರುತ್ತವೆ, ಅವರಿಗೆ ಪವಿತ್ರ ಸೊಪ್ಪುಗಳನ್ನು ಸುಟ್ಟು ಹೊಗೆ ಹಿಡಿಯುವ ಧೂಪದ ವಿಧಿ ಬೇಕಿಲ್ಲದಿರಬಹುದು. ಯಾರಿಗೆ ಏನು ಬೇಕು ಎಂದು ಸಹೋದ್ಯೋಗಿಗಳನ್ನು ಖಾಸಗಿಯಾಗಿ ಕೇಳಿ. ವಿಧಿಗಳನ್ನು ನೀವೇ ನಡೆಸಲು ಮುಂದಾಗಬೇಡಿ, ಹಿರಿಯರಿಗೆ ಗೌರವಧನ ಮತ್ತು ಪ್ರಯಾಣದ ಖರ್ಚು ಸಲ್ಲುವಂತೆ ಬಜೆಟ್ಟಿನಲ್ಲಿ ಜಾಗ ಮಾಡಿ.

ನ್ಯೂಜಿಲೆಂಡಿನ ಮಾವೋರಿ ದಾದಿ ಇರಿಹಾಪೇಟಿ ರಾಮ್ಸ್‌ಡೆನ್ ಅವರು ರೂಪಿಸಿದ ಸಾಂಸ್ಕೃತಿಕ ಸುರಕ್ಷತೆಯ ಪರಿಕಲ್ಪನೆ ಈಗ ಕೆನಡಾದಲ್ಲೂ ಬಳಕೆಯಲ್ಲಿದೆ. ಸೇವೆ ಸುರಕ್ಷಿತವಾಗಿತ್ತೇ ಎಂದು ತೀರ್ಮಾನಿಸುವ ಹಕ್ಕು ಅದನ್ನು ಪಡೆದವರದು ಎಂಬುದು ಅದರ ಸಾರ. ಇದನ್ನು ಆಚರಣೆಗೆ ತರುವ ಸುಲಭ ಮಾರ್ಗವೆಂದರೆ ಪ್ರತಿ ಭೇಟಿಯ ಕೊನೆಗೆ ಇಂದು ನಾನು ನಡೆದುಕೊಂಡದ್ದರಲ್ಲಿ ಏನಾದರೂ ಸರಿಹೋಗಲಿಲ್ಲವೇ ಎಂದು ಕೇಳುವುದು, ಮತ್ತು ಬಂದ ಉತ್ತರಕ್ಕೆ ಸಮಜಾಯಿಷಿ ಕೊಡದಿರುವುದು.

ಮನೆಭೇಟಿ ಮತ್ತು ದಾಖಲೆ

ಮನೆಭೇಟಿಯೇ ಈ ಕೆಲಸದ ಹೃದಯ. ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಅರವತ್ತು ದಾಟಿದ ಅಜ್ಜಿಯೊಬ್ಬರು ಇಬ್ಬರು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾರೆ, ತಾಯಿ ಮದ್ಯವ್ಯಸನದ ಚಿಕಿತ್ಸೆಗೆ ಬೇರೆ ಊರಿಗೆ ಹೋಗಿದ್ದಾರೆ. ಎರಡು ಕೋಣೆಯ ಮನೆಯಲ್ಲಿ ಆರು ಮಂದಿ. ಮಕ್ಕಳು ಮಲಗುವುದು ಪಡಸಾಲೆಯಲ್ಲಿ ಹಾಸಿದ ಒಂದೇ ಹಾಸಿಗೆಯ ಮೇಲೆ. ಪಾತ್ರೆಯಲ್ಲಿ ಸಾರು ಕುದಿಯುತ್ತಿದೆ, ದೊಡ್ಡ ಮಗು ಅಡುಗೆಮನೆಯ ಮೇಜಿನ ಮೇಲೆ ಶಾಲೆಯ ಲೆಕ್ಕ ಮಾಡುತ್ತಿದೆ, ಚಿಕ್ಕದು ಅಜ್ಜಿಯ ಮೊಣಕಾಲಿಗೆ ಒರಗಿದೆ. ತಪಾಸಣೆಯ ನಮೂನೆಯಲ್ಲಿ ಮಂಚವಿಲ್ಲ, ಪ್ರತ್ಯೇಕ ಕೋಣೆಯಿಲ್ಲ ಎಂದು ಗುರುತು ಹಾಕಲು ಎರಡು ನಿಮಿಷ ಸಾಕು. ಕುದಿಯುವ ಸಾರಿಗೆ, ಆ ಲೆಕ್ಕದ ಪುಸ್ತಕಕ್ಕೆ, ಒರಗಿದ ಮಗುವಿಗೆ ನಮೂನೆಯಲ್ಲಿ ಜಾಗವಿರುವುದಿಲ್ಲ. ಒಳ್ಳೆಯ ಕಾರ್ಯಕರ್ತರು ಇದನ್ನೂ ಬರೆಯುತ್ತಾರೆ. ಅಂತಸ್ತಿನ ಮಂಚಕ್ಕೆ ಹಣ ಎಲ್ಲಿಂದ ಬರುತ್ತದೆ, ವಸತಿ ಕಚೇರಿಗೆ ಪತ್ರ ಯಾರು ಬರೆಯಬೇಕು, ಅಜ್ಜಿಗೆ ವಾರಕ್ಕೊಂದು ದಿನ ಬಿಡುವು ಕೊಡಲು ಯಾವ ಸೊಸೆ ಅಥವಾ ಅಕ್ಕ ಬರಬಲ್ಲರು, ತಾಯಿಯೊಡನೆ ಮಕ್ಕಳು ಸಂಜೆ ಹೊತ್ತು ವೀಡಿಯೊ ಕರೆಯಲ್ಲಿ ಮಾತಾಡಲು ಏನು ಬೇಕು ಎಂಬುದನ್ನು ಅಜ್ಜಿಯ ಜೊತೆಯೇ ಕೂತು ಬರೆದುಕೊಂಡರೆ ಅದು ಯೋಜನೆಯಾಗುತ್ತದೆ.

ಹೀಗೆ ಬರೆದ ಯೋಜನೆಯನ್ನು ಕುಟುಂಬ ಸಭೆಯಲ್ಲಿ ಗಟ್ಟಿ ಮಾಡಬೇಕು. ಸಭೆಗೆ ಯಾರನ್ನು ಕರೆಯಬೇಕೆಂದು ಕುಟುಂಬವೇ ಹೇಳಲಿ. ಊಟದ ವ್ಯವಸ್ಥೆ ಇರಲಿ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಇರಲಿ, ದೂರದಿಂದ ಬರುವವರಿಗೆ ವಾಹನ ಇರಲಿ. ಮಗುವಿಗೆ ಅಪಾಯವಿದೆ ಎಂಬ ಅನುಮಾನ ಬಂದರೆ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾಗುತ್ತದೆ ಎಂಬುದನ್ನು ಮೊದಲ ಭೇಟಿಯಲ್ಲೇ ಸ್ಪಷ್ಟವಾಗಿ ಹೇಳಿಬಿಡಿ. ಗುಟ್ಟು ಕೇಳಿಸಿಕೊಂಡ ಮೇಲೆ ಹೇಳಿದರೆ ಅದು ವಂಚನೆಯಂತೆ ಕಾಣುತ್ತದೆ.

ದಾಖಲೆ ಬರೆಯುವಾಗ ತೀರ್ಪು ಬರೆಯಬೇಡಿ, ಕಂಡದ್ದನ್ನು ಬರೆಯಿರಿ. ತಾಯಿ ಸಹಕರಿಸುತ್ತಿಲ್ಲ ಎಂಬ ಒಂದು ಸಾಲು ವರ್ಷಗಳ ಕಾಲ ಕಡತದಲ್ಲಿ ಉಳಿದು ನ್ಯಾಯಾಲಯದವರೆಗೂ ಹೋಗಬಹುದು. ಮಂಗಳವಾರದ ಭೇಟಿಗೆ ತಾಯಿ ಬರಲಿಲ್ಲ, ಆ ದಿನ ಬಸ್ ಇರಲಿಲ್ಲವೆಂದು ಬುಧವಾರ ಬೆಳಿಗ್ಗೆ ತಾವೇ ಫೋನ್ ಮಾಡಿ ತಿಳಿಸಿದರು, ಮುಂದಿನ ಭೇಟಿಗೆ ವಾಹನ ಕಳುಹಿಸುವುದೆಂದು ತೀರ್ಮಾನವಾಯಿತು ಎಂದು ಬರೆದರೆ ಓದುವವರಿಗೆ ಇಡೀ ಸಂಗತಿ ಸಿಗುತ್ತದೆ. ಬರೆದದ್ದನ್ನು ಕುಟುಂಬಕ್ಕೆ ಓದಿ ಹೇಳುವ ಅಭ್ಯಾಸ ಇಟ್ಟುಕೊಂಡರೆ ಬರವಣಿಗೆ ತಾನಾಗಿ ಶುದ್ಧವಾಗುತ್ತದೆ. ಸಮೀಕ್ಷೆ ಅಥವಾ ಸಂಶೋಧನೆಗಾಗಿ ಮಾಹಿತಿ ಕಲೆಹಾಕುವಾಗ ಮಾಹಿತಿಯ ಒಡೆತನ, ನಿಯಂತ್ರಣ, ಅದನ್ನು ನೋಡುವ ಹಕ್ಕು ಮತ್ತು ಅದರ ಸ್ವಾಧೀನ ಫಸ್ಟ್ ನೇಷನ್ಸ್ ಸಮುದಾಯದ್ದೇ ಎಂಬ ಓಕ್ಯಾಪ್ ತತ್ವಗಳು ಅನ್ವಯಿಸುತ್ತವೆ.

ಚಿಕ್ಕ ಊರಿನಲ್ಲಿ ಗೋಪ್ಯತೆ ಕಾಪಾಡುವುದಕ್ಕೆ ಕಡತದ ಬೀಗ ಸಾಲದು. ಸಂಸ್ಥೆಯ ಹೆಸರಿರುವ ಕಾರನ್ನು ಒಂದು ಮನೆಯ ಮುಂದೆ ನಿಲ್ಲಿಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಎಲ್ಲಿ ಭೇಟಿಯಾಗೋಣ, ಅಂಗಡಿಯಲ್ಲಿ ಎದುರಾದರೆ ಮಾತಾಡಿಸಲೇ ಬೇಡವೇ ಎಂದು ಅವರನ್ನೇ ಕೇಳಿ.

ಯುವಜನರ ಜೊತೆ

ಹದಿಹರೆಯದವರನ್ನು ಕಚೇರಿಯ ಕುರ್ಚಿಯಲ್ಲಿ ಎದುರು ಕೂರಿಸಿಕೊಂಡು ಮಾತಾಡಿಸುವುದು ಕಷ್ಟ. ಕಾರಿನಲ್ಲಿ ಪಕ್ಕಪಕ್ಕ ಕೂತು ಹೋಗುವಾಗ, ಸೌದೆ ಒಡೆಯುವಾಗ, ಮೀನು ಹಿಡಿಯುವಾಗ ಮಾತು ತಾನಾಗಿ ಬರುತ್ತದೆ. ಹಿರಿಯರ ನೇತೃತ್ವದಲ್ಲಿ ಕಾಡಿನಲ್ಲಿ, ಹಿಮದ ಮೇಲೆ, ನದಿಯ ದಡದಲ್ಲಿ ನಡೆಯುವ ಶಿಬಿರಗಳಿಗೆ ಚಿಕಿತ್ಸೆಯ ಶಕ್ತಿಯಿದೆ ಎಂದು ಸಮುದಾಯಗಳು ಬಹಳ ಹಿಂದಿನಿಂದ ಹೇಳುತ್ತ ಬಂದಿವೆ. ಉತ್ತರದ ನೂನವುಟ್ ಪ್ರದೇಶದ ಕ್ಲೈಡ್ ರಿವರ್ ಎಂಬ ಚಿಕ್ಕ ಊರಿನ ಇಲಿಸಾಕ್ಸಿವಿಕ್ ಸಂಸ್ಥೆ ಇನುಯಿಟ್ ಸಮಾಲೋಚಕರನ್ನು ಇನುಯಿಟರದೇ ರೀತಿಯಲ್ಲಿ ತಯಾರು ಮಾಡುತ್ತಿದೆ, ಕುಟುಂಬಗಳನ್ನು ಬಯಲಿಗೆ ಕರೆದೊಯ್ಯುವ ಕಾರ್ಯಕ್ರಮಗಳನ್ನೂ ನಡೆಸುತ್ತಿದೆ. ಇಂಥ ಶಿಬಿರಗಳಲ್ಲಿ ನಿಮ್ಮ ಪಾಲಿನ ಕೆಲಸ ಸಾಮಾನು ಹೊರುವುದು, ಅನುಮತಿ ಪತ್ರಗಳನ್ನು ಸಿದ್ಧಪಡಿಸುವುದು, ಔಷಧದ ಪೆಟ್ಟಿಗೆ ನೋಡಿಕೊಳ್ಳುವುದು, ರಾತ್ರಿ ಎಚ್ಚರವಾಗಿರುವುದು.

ಮೈಕೆಲ್ ಚಾಂಡ್ಲರ್ ಮತ್ತು ಕ್ರಿಸ್ಟೋಫರ್ ಲಲೋಂಡ್ 1998ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ಕ್ಷೇತ್ರದ ಪ್ರತಿಯೊಬ್ಬರೂ ತಿಳಿದಿರಬೇಕು. ಬ್ರಿಟಿಷ್ ಕೊಲಂಬಿಯಾದ ಫಸ್ಟ್ ನೇಷನ್ಸ್ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆಯ ಪ್ರಮಾಣ ಒಂದೇ ರೀತಿ ಇರಲಿಲ್ಲ. ಸ್ವಂತ ಆಡಳಿತ, ಭೂಮಿಯ ಹಕ್ಕಿಗಾಗಿ ಹೋರಾಟ, ಶಾಲೆ, ಆರೋಗ್ಯ, ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಗಳ ಮೇಲಿನ ಹಿಡಿತ, ಸಾಂಸ್ಕೃತಿಕ ಕೇಂದ್ರ ಇವೆಲ್ಲವೂ ಇದ್ದ ಸಮುದಾಯಗಳಲ್ಲಿ ಅಧ್ಯಯನದ ಅವಧಿಯಲ್ಲಿ ಒಂದೂ ಯುವಕ ಯುವತಿಯರ ಆತ್ಮಹತ್ಯೆ ದಾಖಲಾಗಿರಲಿಲ್ಲ. 2007ರ ಇನ್ನೊಂದು ಅಧ್ಯಯನ ಜನರು ತಮ್ಮ ನುಡಿಯನ್ನು ಮಾತಾಡುವ ಸಮುದಾಯಗಳಲ್ಲೂ ಇಂಥದೇ ಸಂಬಂಧವನ್ನು ತೋರಿಸಿತು. ಮಗುವೊಂದು ತನ್ನ ಅಜ್ಜನಿಂದ ಕ್ರೀ ಭಾಷೆಯ ಹತ್ತು ಮಾತು ಕಲಿಯುವಂತೆ ಮಾಡುವುದೂ ಆರೋಗ್ಯದ ಕೆಲಸವೆಂದು ಧೈರ್ಯವಾಗಿ ಹೇಳಲು ಇದು ಆಧಾರ. 2015ರ ಫಸ್ಟ್ ನೇಷನ್ಸ್ ಮಾನಸಿಕ ಕ್ಷೇಮದ ಚೌಕಟ್ಟು ಕೂಡ ಭರವಸೆ, ತನ್ನವರೆಂಬ ಭಾವ, ಬದುಕಿನ ಅರ್ಥ, ಗುರಿ ಎಂಬ ನಾಲ್ಕನ್ನೇ ಕ್ಷೇಮದ ಫಲಗಳೆಂದು ಎಣಿಸುತ್ತದೆ.

ಯಾರಾದರೂ ಬದುಕು ಸಾಕಾಗಿದೆ ಎಂಬ ಸುಳಿವು ಕೊಟ್ಟರೆ ಸುತ್ತಿ ಬಳಸದೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ಮೃದುವಾಗಿ, ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ನಂಬಿಕೆಯ ಹಿರಿಯರನ್ನು ಕರೆಸಿ. ಮೂಲನಿವಾಸಿಗಳಿಗಾಗಿಯೇ ದಿನದ 24 ಗಂಟೆಯೂ ನಡೆಯುವ ಹೋಪ್ ಫಾರ್ ವೆಲ್‌ನೆಸ್ ಸಹಾಯವಾಣಿಯ ಸಂಖ್ಯೆ 1-855-242-3310. ಆತ್ಮಹತ್ಯೆ ತಡೆಗೆ ದೇಶದಾದ್ಯಂತ 2023ರ ನವೆಂಬರ್‌ನಿಂದ 988 ಸಂಖ್ಯೆಯೂ ಇದೆ. ಎರಡನ್ನೂ ಯುವಕರ ಫೋನಿನಲ್ಲಿ ಅವರ ಕೈಯಿಂದಲೇ ಉಳಿಸಿಡಿ.

ಸಾಕು ಮನೆಯಲ್ಲಿ ಬೆಳೆದು ಪ್ರಾಯಕ್ಕೆ ಬಂದು ಹೊರಬೀಳುವವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕೇಂದ್ರದ ಹಣ ಪಡೆಯುವ ಫಸ್ಟ್ ನೇಷನ್ಸ್ ಸೇವೆಗಳಲ್ಲಿ 2022ರಿಂದ 26ನೆಯ ಹುಟ್ಟುಹಬ್ಬದವರೆಗೆ ನೆರವು ಮುಂದುವರಿಸಲು ಅವಕಾಶವಿದೆ. ಎಷ್ಟೋ ಯುವಕರಿಗೆ ಇದು ತಿಳಿದಿರುವುದಿಲ್ಲ. ಜನನ ಪ್ರಮಾಣಪತ್ರ, ನೋಂದಾಯಿತ ಫಸ್ಟ್ ನೇಷನ್ಸ್ ವ್ಯಕ್ತಿಯೆಂದು ತೋರಿಸುವ ಸ್ಟೇಟಸ್ ಕಾರ್ಡ್, ಬ್ಯಾಂಕ್ ಖಾತೆ, ಬಾಡಿಗೆ ಕರಾರು ಇವುಗಳ ಕೆಲಸವನ್ನು ಕನಿಷ್ಠ ಒಂದು ವರ್ಷ ಮೊದಲೇ ಆರಂಭಿಸಿ.

ನಿಮ್ಮ ಆರೋಗ್ಯ, ನಿಮ್ಮ ನಿರ್ಗಮನ

ನೋವಿನ ಕಥೆಗಳನ್ನು ದಿನವೂ ಕೇಳುವವರ ನಿದ್ದೆ ಕೆಡುತ್ತದೆ, ಸಿಟ್ಟು ಬೇಗ ಬರುತ್ತದೆ, ಕೆಲವೊಮ್ಮೆ ಏನೂ ಅನ್ನಿಸದಂಥ ಮರಗಟ್ಟುವಿಕೆ ಆವರಿಸುತ್ತದೆ. ಇದು ದೌರ್ಬಲ್ಯವಲ್ಲ, ವೃತ್ತಿಯ ಅಪಾಯ. ತಿಂಗಳಿಗೊಮ್ಮೆಯಾದರೂ ಮೇಲ್ವಿಚಾರಕರೊಡನೆ ಕೇಸುಗಳ ಸಂಖ್ಯೆಯ ಬಗ್ಗೆ ಅಲ್ಲದೆ ನಿಮ್ಮ ಮನಸ್ಸಿನ ಬಗ್ಗೆ ಮಾತಾಡುವ ಸಮಯವನ್ನು ಕೇಳಿ ಪಡೆಯಿರಿ. ಸಮುದಾಯದಲ್ಲಿ ಸಾವು ಸಂಭವಿಸಿದರೆ ಕಚೇರಿಯ ಕೆಲಸ ನಿಲ್ಲುತ್ತದೆ, ಎಲ್ಲರೂ ಆ ಮನೆಯಲ್ಲಿರುತ್ತಾರೆ, ನೀವೂ ಅಲ್ಲಿರಬೇಕು. ನಿಮ್ಮ ಮೂಲನಿವಾಸಿ ಸಹೋದ್ಯೋಗಿಗಳಿಗೆ ಆ ಸಾವು ತಮ್ಮ ಅಣ್ಣನದೋ ಅತ್ತೆಯದೋ ಆಗಿರಬಹುದು, ಅಂಥ ವಾರಗಳಲ್ಲಿ ಅವರ ಪಾಳಿಯನ್ನು ವಹಿಸಿಕೊಳ್ಳುವುದು ಹೊರಗಿನವರು ಮಾಡಬಹುದಾದ ದೊಡ್ಡ ಸಹಾಯ.

ಬಿಟ್ಟು ಹೋಗುವ ದಿನ ಬಂದಾಗ ಕನಿಷ್ಠ ಮೂರು ತಿಂಗಳು ಮೊದಲೇ ಕುಟುಂಬಗಳಿಗೆ ತಿಳಿಸಿ. ಸಾಧ್ಯವಿದ್ದಲ್ಲೆಲ್ಲ ಆ ಹುದ್ದೆಗೆ ಸಮುದಾಯದ ಯುವಕ ಅಥವಾ ಯುವತಿಯನ್ನು ತಯಾರು ಮಾಡಲು ಸೇರಿದ ವರ್ಷದಿಂದಲೇ ಸಂಸ್ಥೆಯೊಡನೆ ಮಾತಾಡಿ, ಅವರ ಡಿಪ್ಲೊಮಾದ ಶುಲ್ಕಕ್ಕೆ ಎಲ್ಲಿಂದ ನೆರವು ಸಿಗುತ್ತದೆ ಎಂದು ಹುಡುಕಿಕೊಡಿ, ನಿಮ್ಮ ಭೇಟಿಗಳಿಗೆ ಅವರನ್ನು ಜೊತೆಗೆ ಕರೆದೊಯ್ಯಿರಿ. ಕೊನೆಯ ತಿಂಗಳಲ್ಲಿ ಪ್ರತಿ ಮನೆಗೂ ಇಬ್ಬರೂ ಹೋಗಿ, ಬಾಕಿಯಿರುವ ಅರ್ಜಿಗಳು ಯಾವುವು, ಯಾವ ಕಚೇರಿಯ ಯಾರಿಗೆ ಫೋನ್ ಮಾಡಬೇಕು, ಮುಂದಿನ ವಿಚಾರಣೆಯ ದಿನಾಂಕ ಯಾವುದು ಎಂಬುದನ್ನು ಕುಟುಂಬದ ಎದುರಿಗೇ ಹೊಸಬರಿಗೆ ವಹಿಸಿಕೊಟ್ಟು, ಆ ಹಾಳೆಯ ಒಂದು ಪ್ರತಿಯನ್ನು ಕುಟುಂಬದ ಕೈಯಲ್ಲೂ ಕೊಡಿ.